ಜಾರ್ಜ್ ಗ್ಯಾಮೋ ಮಹಾಶಯನು

ಯುರೇನಿಯಂ ಲೋಹದ ಒಂದು ತುಣುಕನ್ನು ಮೇಜಿನ ಮೇಲಿರಿಸಿ ಎಷ್ಟು ಹೊತ್ತು ನೋಡುತ್ತ ಕುಳಿತರೂ ನಮ್ಮ ಕಣ್ಣಿಗೆ ಯಾವ ವ್ಯಾಪಾರವೂ ಗೋಚರಿಸದು. ಆದರೂ ಅದರ ಒಂದೊಂದು ಗ್ರಾಂ ತೂಕದಿಂದ ಸೆಕೆಂಡಿಗೆ 12,000ಕ್ಕೂ ಮಿಕ್ಕ ಸೂಕ್ಷ್ಮಕಣಗಳು ಹೊರಕ್ಕೆ ಚಿಮ್ಮುತ್ತಲೇ ಇರುತ್ತವೆ. ಕಾಸಿದರೆ ಅವು ಹೆಚ್ಚುವುದಿಲ್ಲ, ಹೆಪ್ಪುಗಟ್ಟಿಸಿದರೆ ಕುಗ್ಗುವುದಿಲ್ಲ. ಭೂಮಿಯು ಹುಟ್ಟಿದ ದಿನ ಇದ್ದ ಯುರೇನಿಯಂನಲ್ಲಿ ಇಂದಿಗೂ ಹೆಚ್ಚುಕಡಿಮೆ ಅರ್ಧಪಾಲು ಉಳಿದಿದೆ. ಈ ಕಣಗಳಿಗೆ ಆಲ್ಫಾ ಕಣಗಳೆಂದು ಹೆಸರು. ಅವು ಹೀಲಿಯಂ ಪರಮಾಣುವಿನ ಬೀಜಗಳೇ ಎಂಬುದನ್ನು ರದರ್‌ಫರ್ಡ್ ಮಹಾಶಯನು 1908ರಲ್ಲಿ ಪ್ರಯೋಗದಿಂದಲೇ ತೋರಿಸಿಕೊಟ್ಟನು. ಆದರೆ ಅವು ಹೊರಬರುವುದು ಹೇಗೆ? ಇಷ್ಟು ನಿಧಾನವಾಗಿ ಏಕೆ? ಒಂದು ಪರಮಾಣು ಇಂದು ಒಡೆದು, ಅದರ ಪಕ್ಕದಲ್ಲಿರುವ, ಎಲ್ಲ ವಿಧದಲ್ಲಿಯೂ ಅದಕ್ಕೆ ಸಮಾನವಾದ ಇನ್ನೊಂದು ನೂರು ಕೋಟಿ ವರ್ಷಗಳ ಮೇಲೂ ಒಡೆಯದೆ ಉಳಿಯುವುದೇಕೆ? ಈ ಪ್ರಶ್ನೆಗಳಿಗೆ ಇಪ್ಪತ್ತು ವರ್ಷಗಳ ಕಾಲ ಯಾರಲ್ಲಿಯೂ ಉತ್ತರವಿರಲಿಲ್ಲ. ಉತ್ತರ ಹೇಳಿದವರಲ್ಲಿ ಒಬ್ಬನು ಅಂದಿಗೆ 24 ವರ್ಷದ, ಪರದೇಶಕ್ಕೆ ಮೊದಲ ಸಲ ಕಾಲಿರಿಸಿದ್ದ, ಕೈಯಲ್ಲಿ ಹಣವಿಲ್ಲದ ಒಬ್ಬ ರಷ್ಯನ್ ವಿದ್ಯಾರ್ಥಿ. ಆತನ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ಜಾರ್ಜ್ ಗ್ಯಾಮೋ ಹುಟ್ಟಿದುದು 1904ನೆಯ ಇಸವಿಯ ಮಾರ್ಚ್ 4ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ಪಟ್ಟಣದಲ್ಲಿ. ಆ ಪಟ್ಟಣವು ಅಂದು ಜಾರ್ ಚಕ್ರವರ್ತಿಯ ಆಳಿಕೆಗೆ ಸೇರಿದ್ದಿತು. ಇಂದು ಯುಕ್ರೇನ್ ದೇಶದಲ್ಲಿದೆ. ತಂದೆತಾಯಿಗಳಿಬ್ಬರೂ ಉಪಾಧ್ಯಾಯ ವೃತ್ತಿಯವರು: ತಂದೆ ರಷ್ಯನ್ ಭಾಷೆ ಸಾಹಿತ್ಯಗಳನ್ನೂ, ತಾಯಿ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಚರಿತ್ರೆಗಳನ್ನೂ ಕಲಿಸುತ್ತಿದ್ದರು. ಒಂಬತ್ತು ವರ್ಷದವನಿದ್ದಾಗಲೇ ಹುಡುಗನು ತಾಯಿಯನ್ನು ಕಳೆದುಕೊಂಡನು. ಹದಿಮೂರನೆಯ ಹುಟ್ಟುಹಬ್ಬಕ್ಕೆ ತಂದೆ ಒಂದು ಚಿಕ್ಕ ದೂರದರ್ಶಕವನ್ನು ಕೊಡಿಸಿದನು. ಹುಡುಗನಿಗೆ ಆಕಾಶದ ಹುಚ್ಚು ಹಿಡಿದುದು ಅಲ್ಲಿಂದ. ಆತನ ಬಾಲ್ಯದ ಮತ್ತೊಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡಲಾರೆವು. ದೇವಾಲಯದಲ್ಲಿ ಪಾದ್ರಿಯು ಪ್ರಸಾದವಾಗಿ ಕೊಟ್ಟ ರೊಟ್ಟಿಯ ಚೂರನ್ನು ನುಂಗದೆ ಕೆನ್ನೆಯೊಳಗೆ ಮರೆಯಿಟ್ಟುಕೊಂಡು, ಓಡೋಡಿ ಮನೆಗೆ ಬಂದು, ಅದು ನಿಜವಾಗಿಯೂ ದೈವೀ ಮಾಂಸವಾಗಿ ಮಾರ್ಪಟ್ಟಿದೆಯೇ ಎಂದು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಿದನಂತೆ! ಅದು ಸಾಮಾನ್ಯ ರೊಟ್ಟಿಯಂತೆಯೇ ಕಂಡಿತು. ತಾನು ವಿಜ್ಞಾನಿಯಾದುದು ಅಂದಿನಿಂದಲೇ ಇರಬೇಕೆಂದು ಮುಂದೆ ಆತ್ಮಕಥೆಯಲ್ಲಿ ಆತನು ಬರೆದುಕೊಂಡನು. ಇದನ್ನು ಉದ್ಧಟತನವೆನ್ನುವವರೂ ಇರಬಹುದು. ನಮಗಂತೂ ಆ ಹುಡುಗನ ಕುತೂಹಲದಲ್ಲಿ ಕಪಟವು ಕಾಣುವುದಿಲ್ಲ.

ಕ್ರಾಂತಿ, ಅಂತರ್ಯುದ್ಧ, ಕ್ಷಾಮ ಇವುಗಳ ನಡುವೆಯೇ ಆತನ ಶಾಲೆಯ ಓದು ಸಾಗಿತು. 1922ರಿಂದ ಒಂದು ವರ್ಷ ಒಡೆಸ್ಸಾದಲ್ಲಿ ವ್ಯಾಸಂಗ ಮಾಡಿ, ತರುವಾಯ ಪೆಟ್ರೊಗ್ರಾಡಿಗೆ ಹೋದನು. ಮರುವರ್ಷವೇ ಆ ನಗರಕ್ಕೆ ಲೆನಿನ್‌ಗ್ರಾಡ್ ಎಂದು ಹೆಸರಾಯಿತು. ವಿಶ್ವವು ಹಿಗ್ಗುತ್ತಿರಬಹುದೆಂದು ಗಣಿತದಿಂದ ಮೊದಲು ಕಂಡ ಫ್ರೀಡ್ಮನ್ ಪಂಡಿತನು ಅಲ್ಲಿದ್ದನು. ಆತನ ಶಿಷ್ಯನಾಗಿ ವಿಶ್ವವಿದ್ಯೆಯನ್ನು ಸಾಧಿಸಬೇಕೆಂಬುದು ಗ್ಯಾಮೋವಿನ ಮನೋರಥ. ಆದರೆ 1925ರಲ್ಲಿ ಫ್ರೀಡ್ಮನ್ ವಿಷಮಶೀತಜ್ವರಕ್ಕೆ ತುತ್ತಾದನು. ಗುರುವನ್ನು ಕಳೆದುಕೊಂಡ ಶಿಷ್ಯನು ತನಗೆ ರುಚಿಸದ ಬೇರೊಂದು ವಿಷಯಕ್ಕೆ ತಗುಲಿಕೊಂಡು ಎರಡು ಮೂರು ವರ್ಷ ತೊಳಲಿದನು. ಲ್ಯಾಂಡೌ, ಇವಾನೆಂಕೊ, ಬ್ರಾನ್‌ಸ್ಟೀನ್ ಮೊದಲಾದ ಸಮವಯಸ್ಕರ ಕೂಟವೊಂದೇ ಆಗ ಆತನಿಗೆ ನಿಜವಾದ ವಿದ್ಯಾಲಯವಾಗಿದ್ದಿತು. ಯೂರೋಪಿನಿಂದ ಬರುವ ಪತ್ರಿಕೆಗಳನ್ನು ಒಟ್ಟಿಗೆ ಓದಿ, ಪಂಡಿತರನ್ನು ಅಣಕಿಸುವ ಪದ್ಯಗಳನ್ನು ಕಟ್ಟಿ, ಹೊಸ ಕ್ವಾಂಟಂ ಸಿದ್ಧಾಂತವನ್ನು ಆ ತರುಣರು ತಮಗೆ ತಾವೇ ಕಲಿಸಿಕೊಂಡರು. ಕಡೆಗೆ ವೃದ್ಧ ಆಚಾರ್ಯನಾದ ಖ್ವೋಲ್ಸನ್ನನ ಶಿಫಾರಸಿನಿಂದ 1928ರ ಬೇಸಗೆಯಲ್ಲಿ ಗ್ಯಾಮೋವಿಗೆ ಜರ್ಮನಿಯ ಗಟಿಂಗೆನ್ನಿಗೆ ಹೋಗಿಬರಲು ಅಪ್ಪಣೆ ದೊರಕಿತು.

ಅಂದಿನ ಗಟಿಂಗೆನ್ನಿನಲ್ಲಿ ಎಲ್ಲರೂ ಪರಮಾಣುವಿನ ಹೊರಕವಚದ ಎಲೆಕ್ಟ್ರಾನುಗಳ ಲೆಕ್ಕದಲ್ಲಿ ಮುಳುಗಿದ್ದರು. ಜನಸಂದಣಿಯ ದಾರಿ ಗ್ಯಾಮೋವಿಗೆ ಎಂದೂ ಒಗ್ಗದು. ಗ್ರಂಥಾಲಯಕ್ಕೆ ಹೋಗಿ ಪತ್ರಿಕೆಗಳನ್ನು ತಿರುವುತ್ತಿರಲು, ಹಿಂದಿನ ವರ್ಷ ರದರ್‌ಫರ್ಡ್ ಬರೆದಿದ್ದ ಒಂದು ಲೇಖನವು ಆತನ ಕಣ್ಣಿಗೆ ಬಿದ್ದಿತು. ಅದರಲ್ಲಿದ್ದ ತೊಡಕನ್ನು ವಾಚಕರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಪರಮಾಣುವಿನ ಬೀಜವನ್ನು ಒಂದು ಕೋಟೆಯೆಂದು ಭಾವಿಸೋಣ. ಒಳಗೆ ಕಣಗಳನ್ನು ಒಂದಕ್ಕೊಂದು ಬಿಗಿಹಿಡಿದಿರುವ ಪ್ರಬಲವಾದ ಆಕರ್ಷಣೆ. ಹೊರಗೆ ಧನವಿದ್ಯುತ್ತುಗಳ ಪರಸ್ಪರ ವಿಕರ್ಷಣೆ. ಇವೆರಡೂ ಸಂಧಿಸುವಲ್ಲಿ ಎತ್ತರವಾದ ಗೋಡೆ ಏಳುತ್ತದೆ. ಯುರೇನಿಯಂ ಬೀಜದ ಈ ಗೋಡೆಯ ಎತ್ತರವು 25 ದಶಲಕ್ಷ ಎಲೆಕ್ಟ್ರಾನ್ ವೋಲ್ಟುಗಳಿಗೂ ಮಿಗಿಲು. ಕೋಟೆಯ ತುದಿಯಿಂದ ಉರುಳಿದ ಕಲ್ಲು ನೆಲಕ್ಕೆ ಬಂದು ಬೀಳುವಾಗ ಆ ಎತ್ತರಕ್ಕೆ ತಕ್ಕ ರಭಸವನ್ನು ಹೊಂದಿರಲೇಬೇಕಷ್ಟೆ? ಆದರೆ ಯುರೇನಿಯಂನಿಂದ ಹೊರಬರುವ ಆಲ್ಫಾ ಕಣಕ್ಕಿರುವ ಶಕ್ತಿಯು ಕೇವಲ 4.2 ದಶಲಕ್ಷ ವೋಲ್ಟಿನಷ್ಟು. ಅದರ ಸುಮಾರು ಇಮ್ಮಡಿ ಶಕ್ತಿಯ ಕಣಗಳನ್ನು ಹೊರಗಿನಿಂದ ಯುರೇನಿಯಂನ ಮೇಲೆ ಹೊಡೆದು ನೋಡಿದರೆ ಅವೂ ಗೋಡೆಯ ನೆತ್ತಿಯನ್ನು ಮುಟ್ಟಲಾರದೆ ಹಿಂದಿರುಗುತ್ತಿದ್ದವು. ಹಾಗಾದರೆ ಒಳಗಿನ ಬಡಕಲು ಕಣವು ಗೋಡೆಯನ್ನು ಹತ್ತಿ ಇಳಿದುದಾದರೂ ಹೇಗೆ? ರದರ್‌ಫರ್ಡನಂತಹ ಧೀಮಂತನೂ ಇಲ್ಲಿ ತಬ್ಬಿಬ್ಬಾಗಿ, ಆಲ್ಫಾ ಕಣವು ಒಳಗಿರುವಾಗ ಎರಡು ಎಲೆಕ್ಟ್ರಾನುಗಳನ್ನು ಜೊತೆಗೆ ಕಟ್ಟಿಕೊಂಡು ವಿದ್ಯುತ್ತಿಲ್ಲದ್ದಾಗಿರುತ್ತದೆ, ಗೋಡೆಯಾಚೆ ಹೋದ ಮೇಲೆ ಅವು ಕಳಚಿಕೊಂಡು ಹಿಂದಕ್ಕೆ ಬೀಳುತ್ತವೆ ಎಂಬುದಾಗಿ ಕಲ್ಪಿಸಿದ್ದನು.

ಗ್ಯಾಮೋ ಆ ಪತ್ರಿಕೆಯನ್ನು ಮುಚ್ಚುವಷ್ಟರಲ್ಲಿ ಆತನಿಗೆ ಉತ್ತರ ಹೊಳೆದಿತ್ತು. ಹೊಸ ಸಿದ್ಧಾಂತದ ಪ್ರಕಾರ ಕಣವು ಗೋಲಿಯಂತೆ ಒಂದೇ ಬಿಂದುವಿನಲ್ಲಿ ನಿಂತ ವಸ್ತುವಲ್ಲ. ಅದಕ್ಕೆ ಅಲೆಯ ಸ್ವಭಾವವೂ ಉಂಟು. ಅಲೆಯು ಗೋಡೆಯನ್ನು ತಾಕಿದಾಗ ಅಲ್ಲಿಗೇ ಪೂರ್ಣವಾಗಿ ನಿಂತುಬಿಡುವುದಿಲ್ಲ. ಗೋಡೆಯ ದಪ್ಪದೊಳಗೆ ಕ್ಷೀಣಿಸುತ್ತ ಕ್ಷೀಣಿಸುತ್ತ ಸಾಗಿ, ಗೋಡೆಗೆ ಕೊನೆಯಿದ್ದರೆ ಆಚೆ ಬದಿಯಲ್ಲಿ ಅತ್ಯಲ್ಪವಾಗಿಯಾದರೂ ತಲೆದೋರುತ್ತದೆ. ಆ ಅತ್ಯಲ್ಪವೇ ಕಣವು ಹೊರಬೀಳುವ ಸಂಭವದ ಅಳತೆ. ಕಣವು ಗೋಡೆಯನ್ನು ಹತ್ತುವುದೇ ಇಲ್ಲ. ಕೋಟೆಯ ಕಾವಲುಗಾರನಿಗೆ ತಿಳಿಯದಂತೆ ಸುರಂಗದಿಂದ ನುಸುಳಿದವನಂತೆ ಹೊರಬರುತ್ತದೆ. ಆದುದರಿಂದಲೇ ಅದರ ಶಕ್ತಿಯು ಗೋಡೆಯ ಎತ್ತರಕ್ಕಿಂತ ಕಡಿಮೆಯಾಗಿರುವುದು. ಯುರೇನಿಯಂ ಬೀಜದೊಳಗಿನ ಆಲ್ಫಾ ಕಣವು ಸೆಕೆಂಡಿಗೆ ಸುಮಾರು 1ರ ಮುಂದೆ 21 ಸೊನ್ನೆಯಿಟ್ಟಷ್ಟು ಬಾರಿ ಗೋಡೆಗೆ ಹಾಯುತ್ತದೆಂದು ಲೆಕ್ಕವಿಡಬಹುದು. ಅದು ಪಾರಾಗುವ ಸಂಭವವಾದರೋ ಸುಮಾರು 38 ಸೊನ್ನೆಗಳಷ್ಟು ಹಾಯುವಿಕೆಗಳಲ್ಲಿ ಒಮ್ಮೆ. ಆದಕಾರಣ ಅರ್ಧ ಯುರೇನಿಯಂ ಕರಗಲು 450 ಕೋಟಿ ವರ್ಷಗಳು ಬೇಕಾಗುತ್ತವೆ.

ಇದಿಷ್ಟೇ ಆಗಿದ್ದರೆ ಅದೊಂದು ಚಮತ್ಕಾರದ ಕಲ್ಪನೆಯಾಗಿ ಉಳಿಯುತ್ತಿದ್ದಿತು. ಆದರೆ 1911ರಷ್ಟು ಹಿಂದೆಯೇ ಗೈಗರ್, ನಟಾಲ್ ಎಂಬಿಬ್ಬರು ಒಂದು ನಿಯಮವನ್ನು ಕಂಡಿದ್ದರು: ಆಲ್ಫಾ ಕಣವು ವೇಗಶಾಲಿಯಾದಷ್ಟೂ ಅದನ್ನು ಹೊರಚೆಲ್ಲುವ ಧಾತುವು ಅಲ್ಪಾಯು. ನಿಯಮವು ಇದ್ದಿತು, ಕಾರಣವು ಮಾತ್ರ ಇರಲಿಲ್ಲ. ಯುರೇನಿಯಂನ ಕಣಕ್ಕೆ 4.2 ದಶಲಕ್ಷ ವೋಲ್ಟುಗಳ ಶಕ್ತಿಯಾದರೆ, ಥೋರಿಯಂ ಸಂತತಿಯ ಪೊಲೋನಿಯಂ-212ರ ಕಣಕ್ಕೆ 8.8. ಶಕ್ತಿಯಲ್ಲಿ ಎರಡರಷ್ಟು ಮಾತ್ರ ವ್ಯತ್ಯಾಸ. ಆದರೆ ಆ ಪೊಲೋನಿಯಂನ ಅರ್ಧಾಯುಸ್ಸು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿನ ಮೂರನೆಯ ಒಂದಂಶ! ಎರಡರ ಆಯುಸ್ಸುಗಳ ಅಂತರವನ್ನು ಬರೆಯಲು 4ರ ಮುಂದೆ 23 ಸೊನ್ನೆಗಳನ್ನಿಟ್ಟರೂ ಸಾಲದು. ಗ್ಯಾಮೋವಿನ ಸೂತ್ರದಲ್ಲಿ ಬೀಜದ ವಿದ್ಯುದಂಶವನ್ನು ಕಣದ ಶಕ್ತಿಯ ವರ್ಗಮೂಲದಿಂದ ಭಾಗಿಸಿದ ಸಂಖ್ಯೆಯು ಘಾತಾಂಕದಲ್ಲಿ ಕುಳಿತಿದೆ. ಶಕ್ತಿಯು ತುಸು ಏರಿದರೆ ಗೋಡೆಯು ತುಸು ತೆಳುವಾಗುತ್ತದೆ. ಘಾತಾಂಕವು ಆ ತುಸುವನ್ನೇ ಗುಣಿಸಿ ಗುಣಿಸಿ ಯುಗಗಳನ್ನು ನಿಮಿಷಗಳಿಗೆ ಇಳಿಸಿಬಿಡುತ್ತದೆ. ಇಷ್ಟು ಅಗಾಧವಾದ ಅಂತರವನ್ನು ಇಷ್ಟು ಚಿಕ್ಕ ಸಲಕರಣೆಯಿಂದ ಬಗೆಹರಿಸಿದ ಉದಾಹರಣೆಗಳು ಶಾಸ್ತ್ರದ ಇತಿಹಾಸದಲ್ಲಿ ಬಹಳವಿಲ್ಲ. ಇನ್ನೊಂದು ಮಾತು. ಒಂದು ಪರಮಾಣು ಇಂದು, ಇನ್ನೊಂದು ಕಲ್ಪಾಂತರದಲ್ಲಿ ಒಡೆಯುವುದೇಕೆಂಬ ಹಳೆಯ ಪ್ರಶ್ನೆಗೂ ಇಲ್ಲಿ ಉತ್ತರವಿದ್ದಿತು. ಅವುಗಳೊಳಗೆ ಮರೆಯಾದ ಭೇದವೇನೂ ಇಲ್ಲ. ಸಂಭವವೇ ಅಲ್ಲಿಯ ಧರ್ಮ. ಇದನ್ನು ಒಪ್ಪಲು ಹಲವರ ಮನಸ್ಸು ಅಂದು ಹಿಂಜರಿಯಿತು.

ಲೆಕ್ಕದ ನಡುವೆ ಒಂದು ಕಲನವು ಗ್ಯಾಮೋವಿನ ಕೈಗೆ ಬಗ್ಗಲಿಲ್ಲ. ಆತನು ಗಣಿತದಲ್ಲಿ ಎಂದೂ ಗಟ್ಟಿಗನಲ್ಲ. ಅಲ್ಲಿಯೇ ಇದ್ದ ಕೋಚಿನ್ ಎಂಬ ರಷ್ಯನ್ ಗಣಿತಜ್ಞನು ಅದನ್ನು ಬಿಡಿಸಿಕೊಟ್ಟನು. ಲೇಖನದ ಕೊನೆಯಲ್ಲಿ ಗ್ಯಾಮೋ ಕೃತಜ್ಞತೆಯನ್ನು ಸೂಚಿಸಿದಾಗ, ಇಂತಹ ಮಹಾಕಾರ್ಯಕ್ಕೆ ಯಾವ ಗಹನವಾದ ನೆರವನ್ನಿತ್ತೆಯೆಂದು ಸಹೋದ್ಯೋಗಿಗಳು ಕೋಚಿನ್ನನನ್ನು ಕೇಳಿದರು. ನೆರವಿನ ಸ್ವರೂಪವನ್ನು ಕೇಳಿ ಆತನನ್ನು ನಗೆಪಾಟಲು ಮಾಡಿದರೆಂದು ಹೇಳುತ್ತಾರೆ. ಪಾಪ, ಉಪಕಾರಕ್ಕೆ ದೊರೆತ ಪ್ರತಿಫಲವದು!

ಲೇಖನವು 1928ರ ಆಗಸ್ಟ್ 2ರಂದು ಜರ್ಮನ್ ಪತ್ರಿಕೆಯ ಕಚೇರಿಯನ್ನು ತಲಪಿತು. ಅದಕ್ಕೆ ಮೂರೇ ದಿನ ಮೊದಲು, ಜುಲೈ 30ರ ತಾರೀಖಿನೊಡನೆ, ಅಮೆರಿಕದ ಪ್ರಿನ್‌ಸ್ಟನ್ನಿನಿಂದ ಗರ್ನಿ, ಕಾಂಡನ್ ಎಂಬಿಬ್ಬರು ಇದೇ ವಿವರಣೆಯನ್ನು ನೇಚರ್ ಪತ್ರಿಕೆಗೆ ಬರೆದಿದ್ದರು. ಒಬ್ಬರ ಕೆಲಸವು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಕೀರ್ತಿಯ ಹೆಚ್ಚಿನ ಪಾಲು ಗ್ಯಾಮೋವಿಗೇ ಸಂದಿತು. ಗರ್ನಿಯ ಹೆಸರನ್ನು ಇಂದು ಶಾಸ್ತ್ರಜ್ಞರಲ್ಲದವರು ಕೇಳಿಯೇ ಇಲ್ಲ. ಇದು ನ್ಯಾಯವಲ್ಲವೆಂದು ನಾವು ಭಾವಿಸುತ್ತೇವೆ. ಆದರೂ ತನ್ನ ಕಲ್ಪನೆಯನ್ನು ಹಿಡಿದುಕೊಂಡು ಊರೂರು ತಿರುಗಿ ಅದರಿಂದ ಹೊಸ ಫಲಗಳನ್ನು ತೆಗೆದವನು ಗ್ಯಾಮೋ ಎಂಬುದನ್ನೂ ಮರೆಯಲಾಗದು.

ಗಟಿಂಗೆನ್ನಿನಿಂದ ಮರಳುವ ದಾರಿಯಲ್ಲಿ ಆತನು ಕೋಪನ್‌ಹೇಗನ್ನಿನಲ್ಲಿ ಇಳಿದನು. ಜೇಬಿನಲ್ಲಿದ್ದುದು ಒಂದೇ ದಿನದ ಖರ್ಚಿಗೆ ಸಾಲುವ ಹಣ. ಬೋರ್ ಮಹಾಶಯನು ಆತನ ಕೆಲಸವನ್ನು ಕೇಳಿ, ಅಲ್ಲಿಯೇ ಒಂದು ವರ್ಷವಿರುವಂತೆ ಕಾರ್ಲ್ಸ್‌ಬರ್ಗ್ ವಿದ್ಯಾರ್ಥಿವೇತನವನ್ನು ಕೊಡಿಸಿದನು. ಬಳಿಕ ಕೇಂಬ್ರಿಜ್‌ಗೂ ಕಳುಹಿದನು. ಸಿದ್ಧಾಂತಿಗಳನ್ನು ಕಂಡರೆ ಅಷ್ಟಾಗಿ ಆದರಿಸದ ರದರ್‌ಫರ್ಡನು, ತನ್ನ ಎಲೆಕ್ಟ್ರಾನಿನ ಕಟ್ಟುಕಥೆಯನ್ನು ಮುರಿದ ಹುಡುಗನನ್ನು ಪ್ರೀತಿಯಿಂದಲೇ ಬರಮಾಡಿಕೊಂಡನು. ಅಲ್ಲಿ ಒಂದು ಮಹತ್ತ್ವದ ಸಂಗತಿ ನಡೆಯಿತು. ಒಳಗಿನಿಂದ ಹೊರಕ್ಕೆ ನುಸುಳಲು ಸಾಧ್ಯವಾದರೆ ಹೊರಗಿನಿಂದ ಒಳಕ್ಕೂ ಸಾಧ್ಯವಾಗಬೇಕಲ್ಲವೆ? ಬೀಜವನ್ನು ಒಡೆಯಲು ಹಲವು ದಶಲಕ್ಷ ವೋಲ್ಟುಗಳು ಬೇಕೆಂದು ಎಲ್ಲರೂ ಎದೆಗುಂದಿದ್ದರು. ಪ್ರೋಟಾನುಗಳನ್ನು ಉಪಯೋಗಿಸಿದರೆ ಕೆಲವು ಲಕ್ಷ ವೋಲ್ಟುಗಳೇ ಸಾಕೆಂದು ಗ್ಯಾಮೋ ಲೆಕ್ಕ ಕೊಟ್ಟನು. ಅದನ್ನು ನಂಬಿ ಕಾಕ್‌ಕ್ರಾಫ್ಟ್, ವಾಲ್ಟನ್ ಇಬ್ಬರೂ ಯಂತ್ರವನ್ನು ಕಟ್ಟಿದರು. 1932ರ ಏಪ್ರಿಲ್ 14ರಂದು ಲಿಥಿಯಂ ಬೀಜವು ಅವರ ಯಂತ್ರದ ಪ್ರೋಟಾನಿನ ಪೆಟ್ಟಿಗೆ ಎರಡು ಆಲ್ಫಾ ಕಣಗಳಾಗಿ ಸೀಳಿತು. ಅವರಿಗೆ 1951ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು. ಗ್ಯಾಮೋವಿಗೆ ಕಡೆಯವರೆಗೂ ಬರಲಿಲ್ಲ. ಇದೇ ಸುರಂಗದ ಲೆಕ್ಕವನ್ನು 1929ರಲ್ಲಿ ಅಟ್ಕಿನ್ಸನ್, ಹೌಟರ್ಮನ್ಸ್ ಎಂಬುವರು ನಕ್ಷತ್ರಗಳಿಗೆ ಅನ್ವಯಿಸಿದರು. ಸೂರ್ಯನ ಗರ್ಭದ ಉಷ್ಣತೆಯು ಒಂದೂವರೆ ಕೋಟಿ ಡಿಗ್ರಿಯಷ್ಟಿದ್ದರೂ ಅಲ್ಲಿಯ ಪ್ರೋಟಾನುಗಳಿಗೆ ಒಂದನ್ನೊಂದು ಮುಟ್ಟುವ ತ್ರಾಣ ಸಾಲದು. ಅವು ಗೋಡೆಯೊಳಗೆ ನುಸುಳುವುದರಿಂದಲೇ ಹಗಲು ಎಂಬುದು ನಮಗೆ ದೊರಕಿದೆ.

ಕೀರ್ತಿವಂತನಾಗಿ ಗ್ಯಾಮೋ 1931ರಲ್ಲಿ ಸ್ವದೇಶಕ್ಕೆ ಮರಳಿದನು. ಪರಮಾಣುಬೀಜವನ್ನು ಕುರಿತ ಆತನ ಗ್ರಂಥವು ಅದೇ ವರ್ಷ ಆಕ್ಸ್‌ಫರ್ಡ್‌ನಲ್ಲಿ ಅಚ್ಚಾಯಿತು. ಬೀಜದೊಳಗೆ ಎಲೆಕ್ಟ್ರಾನುಗಳಿವೆಯೆಂದು ಎಲ್ಲರೂ ನಂಬಿದ್ದ ಕಾಲವದು. ನ್ಯೂಟ್ರಾನು ಇನ್ನೂ ದೊರೆತಿರಲಿಲ್ಲ. ಆ ನಂಬಿಕೆಯಲ್ಲಿ ಸಂಶಯವಿದ್ದ ಗ್ಯಾಮೋ, ಸಂಬಂಧಪಟ್ಟ ವಾಕ್ಯವೃಂದಗಳ ಪಕ್ಕದಲ್ಲಿ ಅಪಾಯಸೂಚಕವಾದ ತಲೆಬುರುಡೆಯ ಗುರುತನ್ನು ಹಾಕಬೇಕೆಂದು ಹಟಹಿಡಿದಿದ್ದನಂತೆ. ಪ್ರಕಾಶಕರು ಸೌಮ್ಯವಾದ ಬೇರೊಂದು ಗುರುತನ್ನು ಹಾಕಿಸಿದರು.

ಆದರೆ ಆತನು ಬಿಟ್ಟುಹೋಗಿದ್ದ ದೇಶವೇ ಬೇರೆ, ಮರಳಿ ಬಂದ ದೇಶವೇ ಬೇರೆ. ಸ್ಟಾಲಿನ್ನನ ಕೈ ಬಿಗಿಯಾಗುತ್ತಿದ್ದಿತು. ಯಾವ ಸಿದ್ಧಾಂತವು ಪಕ್ಷದ ತತ್ತ್ವಕ್ಕೆ ಒಪ್ಪುತ್ತದೆ, ಯಾವುದು ಒಪ್ಪದು ಎಂಬುದನ್ನು ಭೌತಶಾಸ್ತ್ರವನ್ನು ಅರಿಯದವರು ನಿರ್ಣಯಿಸತೊಡಗಿದ್ದರು. ಕ್ವಾಂಟಂ ಶಾಸ್ತ್ರದ ಅನಿಶ್ಚಯ ನಿಯಮವನ್ನು ಕುರಿತು ಗ್ಯಾಮೋ ಸಾರ್ವಜನಿಕವಾಗಿ ಉಪನ್ಯಾಸ ಮಾಡುತ್ತಿರುವಾಗ ಪಕ್ಷದ ಅಧಿಕಾರಿಯೊಬ್ಬನು ನಡುವೆಯೇ ತಡೆದು ಸಭೆಯನ್ನು ಚದುರಿಸಿದನೆಂದು ಆತ್ಮಕಥೆಯಲ್ಲಿ ಬರೆದಿದೆ. ಅದೇ ವರ್ಷ ರೋಮಿನಲ್ಲಿ ಪರಮಾಣುಬೀಜದ ವಿಷಯವಾಗಿ ಸಮ್ಮೇಲನ ನೆರೆಯಿತು. ಆತನಿಗೆ ಆಹ್ವಾನವಿದ್ದಿತು, ರಹದಾರಿ ದೊರೆಯಲಿಲ್ಲ. 1932ರಲ್ಲಿ, 28 ವರ್ಷದವನಿರುವಾಗಲೇ, ಸೋವಿಯೆಟ್ ವಿಜ್ಞಾನ ಅಕಾಡೆಮಿಯು ಆತನನ್ನು ಸದಸ್ಯನನ್ನಾಗಿ ಆರಿಸಿ ಗೌರವಿಸಿತು. ಚಿನ್ನದ ಪಂಜರವೂ ಪಂಜರವೇ ಎಂಬುದನ್ನು ತಿಳಿಯಲು ಆತನಿಗೆ ಬಹಳ ಕಾಲ ಬೇಕಾಗಲಿಲ್ಲ.

ಅದೇ ವರ್ಷ ಆತನೂ ಆತನ ಪತ್ನಿ ಲ್ಯುಬೋವಳೂ ಕೈಗೊಂಡ ಸಾಹಸವನ್ನು ಓದಿದರೆ ನಗುವೂ ಬರುತ್ತದೆ, ಎದೆಯೂ ನಡುಗುತ್ತದೆ. ಮಡಚಿ ಒಯ್ಯಬಹುದಾದ ಒಂದು ರಬ್ಬರಿನ ದೋಣಿ, ಎರಡು ಹುಟ್ಟುಗಳು, ಬೇಯಿಸಿದ ಮೊಟ್ಟೆ, ಚಾಕೊಲೇಟು, ಬ್ರಾಂದಿಯ ಸೀಸೆಗಳು. ಇಷ್ಟರಿಂದ ಕ್ರಿಮಿಯಾದ ದಂಡೆಯಿಂದ ಹೊರಟು ಕಪ್ಪು ಸಮುದ್ರವನ್ನು ದಾಟಿ, ಸುಮಾರು 250 ಕಿಲೋಮೀಟರು ದೂರದ ತುರ್ಕಿಯನ್ನು ಸೇರುವ ಹಂಚಿಕೆ! ಅಲ್ಲಿ ತಲಪಿದ ಮೇಲೆ ಅವಧಿ ತೀರಿದ ಡೇನಿಷ್ ಮೋಟಾರುಸೈಕಲ್ಲಿನ ಪರವಾನಗಿಯನ್ನು ತೋರಿಸಿ, ತಾನು ಡೇನಿಷ್ ಪ್ರಜೆಯೆಂದು ಹೇಳಿಕೊಂಡು ಬೋರನಿಗೆ ಸುದ್ದಿ ಕಳುಹುವುದೆಂದು ಆತನ ಎಣಿಕೆ. ಮೊದಲ ದಿನ ಕಡಲು ಶಾಂತವಾಗಿದ್ದಿತು. ಬಳಿಕ ಗಾಳಿಯೆದ್ದು, ಅಲೆಗಳು ದೋಣಿಯನ್ನು ತುಂಬಿ, ಪ್ರಾಣವುಳಿದರೆ ಸಾಕೆಂದು ಅವರು ದಡಕ್ಕೆ ಮರಳಬೇಕಾಯಿತು. ಮರ್ಮಾನ್ಸ್ಕ್ ಕಡೆಯಿಂದ ನಾರ್ವೆಗೆ ಹೋಗುವ ಎರಡನೆಯ ಯತ್ನವೂ ಹವೆಯ ದೆಸೆಯಿಂದಲೇ ಕೈಗೂಡಲಿಲ್ಲ.

ದೋಣಿಯು ಮಾಡಲಾರದುದನ್ನು ಒಂದು ಆಹ್ವಾನಪತ್ರವು ಮಾಡಿತು. 1933ರ ಅಕ್ಟೋಬರಿನಲ್ಲಿ ಬ್ರಸೆಲ್ಸಿನ ಸಾಲ್ವೇ ಸಮ್ಮೇಲನಕ್ಕೆ ಹೋಗಲು ಸರಕಾರವು ಆತನಿಗೆ ಅಪ್ಪಣೆಯಿತ್ತಿತು. ಪತ್ನಿಗೂ ರಹದಾರಿ ಕೊಡದಿದ್ದರೆ ತಾನು ಹೋಗುವುದಿಲ್ಲವೆಂದು ಆತನು ಮೊಲೊಟೊವನವರೆಗೂ ಹೋಗಿ ಹಟಮಾಡಿ ಅದನ್ನು ಪಡೆದನು. ಇಬ್ಬರೂ ಗಡಿ ದಾಟಿದರು. ಮತ್ತೆ ತಾಯ್ನಾಡನ್ನು ನೋಡಲಿಲ್ಲ. ಆತನು ಮರಳುವನೆಂದು ಹೊಣೆ ನಿಂತಿದ್ದ ಲಾಂಜವೆನ್ ಮೊದಲಾದ ಮಿತ್ರರನ್ನು ಇದರಿಂದ ಸಂಕಟಕ್ಕೀಡುಮಾಡಿದನೆಂದು ಆಕ್ಷೇಪಿಸುವವರುಂಟು. ಆ ಆಕ್ಷೇಪದಲ್ಲಿ ಸತ್ಯವಿಲ್ಲದೆ ಇಲ್ಲ. ಮೇಡಂ ಕ್ಯೂರಿಯವರು ನಡುವೆ ಬಂದು ಆ ತೊಡಕನ್ನು ಬಿಡಿಸಿದರು. ಆದರೆ ಹಿಂದೆ ಉಳಿದವರ ಗತಿಯೇನಾಯಿತೆಂಬುದನ್ನೂ ನೋಡಬೇಕು. ಇವಾನೆಂಕೊ 1935ರಲ್ಲಿ ಬಂಧನಕ್ಕೊಳಗಾಗಿ ಗಡೀಪಾರಾದನು. ಲ್ಯಾಂಡೌ 1938ರಲ್ಲಿ ಸೆರೆಮನೆಯನ್ನು ಸೇರಿ ಒಂದು ವರ್ಷ ನರಳಿದನು. ಹಾಸ್ಯಪ್ರಿಯನೂ ಮಹಾಮೇಧಾವಿಯೂ ಆದ ಬ್ರಾನ್‌ಸ್ಟೀನನನ್ನು ಅದೇ 1938ರ ಫೆಬ್ರವರಿಯಲ್ಲಿ ಗುಂಡಿಕ್ಕಿ ಕೊಂದರು. ಆಗ ಅವನಿಗೆ 31 ವರ್ಷ. ಅಕಾಡೆಮಿಯು ಗ್ಯಾಮೋವಿನ ಹೆಸರನ್ನು ಅದೇ ವರ್ಷ ಪಟ್ಟಿಯಿಂದ ತೆಗೆದುಹಾಕಿತು.

ಪಡುವಣ ದೇಶದಲ್ಲಿ ಎಲ್ಲವೂ ನಿರ್ಮಲವಾಗಿದ್ದಿತೆಂದು ಹೇಳಲು ನಾವು ಸಿದ್ಧರಿಲ್ಲ. ಗ್ಯಾಮೋವಿನೊಡನೆ ಒಂದೇ ಸಮಯದಲ್ಲಿ ಆಲ್ಫಾ ಕಣದ ರಹಸ್ಯವನ್ನು ಕಂಡ ಆ ಕಾಂಡನ್ನನೇ, ಅಮೆರಿಕದ ಮಾನಕಗಳ ಸಂಸ್ಥೆಗೆ ಮುಖ್ಯಸ್ಥನಾಗಿರುವಾಗ, 1948ರಲ್ಲಿ ಆ ದೇಶದ ಶಾಸನಸಭೆಯ ಸಮಿತಿಯೊಂದರಿಂದ ದೇಶದ ಭದ್ರತೆಗೆ ಅಪಾಯಕಾರಿಯೆಂಬ ಅಪವಾದಕ್ಕೆ ಗುರಿಯಾಗಿ ವರ್ಷಗಟ್ಟಲೆ ಕಿರುಕುಳವನ್ನು ಅನುಭವಿಸಿದನು. ಗ್ಯಾಮೋ ಸಹ ಅದೇ ಕಾಲದಲ್ಲಿ ಲಾಸ್ ಅಲಮೋಸಿಗೆ ಹೋಗಿ ಜಲಜನಕ ಬಾಂಬಿನ ಲೆಕ್ಕಗಳಿಗೆ ಕೈಗೂಡಿಸಿದನು. ಬಲಾತ್ಕಾರವನ್ನು ತೊರೆದು ಓಡಿಬಂದವನು ಆ ಕೆಲಸಕ್ಕೆ ಇಳಿದುದು ನಮಗೆ ಹಿಡಿಸದು.

ಅಮೆರಿಕದಲ್ಲಿ ಆತನು 1934ರಿಂದ 1956ರವರೆಗೆ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿಯೂ, ಆಮೇಲೆ ಕೊಲರಾಡೊವಿನಲ್ಲಿಯೂ ಬೋಧಕನಾಗಿದ್ದನು. ಆ ವರ್ಷಗಳ ಸಾಧನೆಗೆ ಬೇರೆಯೇ ಲೇಖನ ಬೇಕು. ಶಿಷ್ಯನಾದ ಆಲ್ಫರನೊಡನೆ ವಿಶ್ವದ ಆದಿಯಲ್ಲಿ ಧಾತುಗಳು ಹುಟ್ಟಿದ ಬಗೆಯನ್ನು ಚಿಂತಿಸಿದನು. 1948ರ ಏಪ್ರಿಲ್ 1ರಂದು ಪ್ರಕಟವಾದ ಆ ಲೇಖನದಲ್ಲಿ, ಗ್ರೀಕ್ ಅಕ್ಷರಮಾಲೆಯ ಪ್ರಾಸಕ್ಕಾಗಿ, ಏನೂ ಮಾಡದಿದ್ದ ಬೆಥೆಯ ಹೆಸರನ್ನೂ ನಡುವೆ ತುರುಕಿದನು. ವಿನೋದವೇನೋ ಚೆನ್ನಾಗಿಯೇ ಇದೆ. ಆದರೆ ಅದು ಆಲ್ಫರನ ವಿದ್ವತ್ಪ್ರಬಂಧದ ಸಾರವಾಗಿದ್ದಿತು. ಎರಡು ಪ್ರಸಿದ್ಧ ಹೆಸರುಗಳ ನಡುವೆ ತರುಣನ ಹೆಸರು ಮಸುಳಿತೆಂದು ಆತನು ಕೊನೆಯವರೆಗೆ ನೊಂದುಕೊಂಡುದರಲ್ಲಿ ತಪ್ಪಿಲ್ಲ. ಜೀವಕೋಶದ ಲಿಪಿಯು ಮೂರು ಮೂರು ಅಕ್ಷರಗಳದ್ದಿರಬಹುದೆಂದು 1953ರ ಬಳಿಕ ಆತನು ಮಾಡಿದ ಊಹೆಯ ವಿವರಗಳು ಸುಳ್ಳಾದವು, ತಿರುಳು ನಿಜವಾಯಿತು. ಸಾಮಾನ್ಯ ಜನರಿಗಾಗಿ ಟಾಂಪ್ಕಿನ್ಸ್ ಎಂಬ ಬಡ ಗುಮಾಸ್ತನ ಕನಸುಗಳ ಮೂಲಕ ಹೊಸ ಭೌತಶಾಸ್ತ್ರವನ್ನು ಬರೆದ ಪುಸ್ತಕಗಳಿಗಾಗಿ 1956ರಲ್ಲಿ ಆತನಿಗೆ ಯುನೆಸ್ಕೋ ಸಂಸ್ಥೆಯ ಕಳಿಂಗ ಪಾರಿತೋಷಕವು ದೊರಕಿತು. ಅದಕ್ಕೆ ಹಣವನ್ನಿತ್ತವರು ನಮ್ಮ ದೇಶದವರೇ ಆದ ಒಡಿಶಾದ ಬಿಜು ಪಟ್ನಾಯಕರೆಂಬುದನ್ನು ವಾಚಕರು ಸಂತೋಷದಿಂದ ನೆನೆಯಬಹುದು.

ಆಲ್ಫಾ ಕಣದ ಸಿದ್ಧಾಂತವು ಗ್ಯಾಮೋ ಬಿಟ್ಟಲ್ಲಿಯೇ ನಿಂತಿಲ್ಲ. ಬೀಜದೊಳಗೆ ಆಲ್ಫಾ ಕಣವು ಸಿದ್ಧವಾಗಿ ಓಡಾಡುತ್ತಿರುತ್ತದೆಂದು ಆತನು ಹಿಡಿದಿದ್ದನು. ಎರಡು ಪ್ರೋಟಾನು, ಎರಡು ನ್ಯೂಟ್ರಾನು ಒಟ್ಟುಗೂಡಿ ಕಣವಾಗುವ ಸಂಭವವನ್ನೂ ಎಣಿಸಬೇಕೆಂದು ಮುಂದಿನವರು ಕಂಡರು. ಆ ಸಂಭವವನ್ನು ಮೂಲತತ್ತ್ವಗಳಿಂದ ಕಂಡುಹಿಡಿಯುವ ಕೆಲಸವು ಇನ್ನೂ ಮುಗಿದಿಲ್ಲ. ಆದರೆ ಗೋಡೆಯ ಲೆಕ್ಕವು ಆತನದೇ. ಪ್ರಯೋಗಶಾಲೆಗಳಲ್ಲಿ ಹೊಸದಾಗಿ ಸೃಷ್ಟಿಸಿದ ಅತಿಭಾರದ ಧಾತುಗಳನ್ನು ಅವು ಚೆಲ್ಲುವ ಆಲ್ಫಾ ಕಣಗಳ ಶಕ್ತಿಯಿಂದಲೂ ಆಯುಸ್ಸಿನಿಂದಲೂ ಗುರುತಿಸುವಾಗ ಅದೇ ಸೂತ್ರವು ಮುಂದೆ ನಿಲ್ಲುತ್ತದೆ. ಸ್ಥಿರವೆಂದು ಎಲ್ಲರೂ ಎಣಿಸಿದ್ದ ಬಿಸ್ಮತ್ ಸಹ ಆಲ್ಫಾ ಕಣವನ್ನು ಬಿಡುತ್ತದೆಂದು 2003ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಕಂಡರು. ಅದರ ಅರ್ಧಾಯುಸ್ಸು ವಿಶ್ವದ ವಯಸ್ಸಿನ ನೂರು ಕೋಟಿ ಮಡಿಗೂ ಹೆಚ್ಚು.

ಮದ್ಯದ ಅಭ್ಯಾಸವು ಗ್ಯಾಮೋವಿನ ಕೊನೆಯ ವರ್ಷಗಳನ್ನು ಹಣ್ಣುಮಾಡಿತು. 1968ನೆಯ ಆಗಸ್ಟ್ 19ರಂದು, 64ನೆಯ ವಯಸ್ಸಿನಲ್ಲಿ, ಕೊಲರಾಡೊವಿನ ಬೌಲ್ಡರ್ ಪಟ್ಟಣದಲ್ಲಿ ಆತನು ತೀರಿಕೊಂಡನು. ಸೋವಿಯೆಟ್ ಅಕಾಡೆಮಿಯು ಆತನ ಹೆಸರನ್ನು ಮತ್ತೆ ತನ್ನ ಪಟ್ಟಿಗೆ ಸೇರಿಸಿಕೊಂಡುದು 1990ರಲ್ಲಿ. ಆ ಅಕಾಡೆಮಿಯನ್ನು ನಡೆಸುತ್ತಿದ್ದ ರಾಷ್ಟ್ರವು ಮರುವರ್ಷವೇ ಇಲ್ಲವಾಯಿತು.